ತಡವಾಗಿ ನೀಲಿಯಾದ ನೀರು

ಆಗಸ್ಟ್ 28

ಅಮ್ಮಾ,

ಈಗಷ್ಟೇ ಫೋನ್ ಇಟ್ಟೆ. ಇವತ್ತೂ ನಾವಿಬ್ಬರೂ ಅದೇ ಮಾತಾಡಿದೆವು. “ಊಟ ಆಯ್ತಾ?” “ಆಯ್ತು. ನಿಂದು?” “ಆಯ್ತು.” ಆಮೇಲೆ ನಿನ್ನ ಕಡೆಯಿಂದ ಹೋಟೆಲಿನ ತಟ್ಟೆಗಳ ಸದ್ದು, ನನ್ನ ಕಡೆಯಿಂದ ಹಾಸ್ಟೆಲಿನ ಬಾತ್‌ರೂಮ್ ಕ್ಯೂನ ಜಗಳ. ಒಂದನೇ ಕ್ಲಾಸಿನಿಂದ ವಾರ್ಡನ್ ಎದುರಿಗೇ ನಿಂತು ಫೋನಿನಲ್ಲಿ ಮಾತಾಡಿ ಅಭ್ಯಾಸವಲ್ಲವಾ, ಈಗಲೂ ಯಾರೋ ಕೇಳಿಸಿಕೊಳ್ಳುತ್ತಿದ್ದಾರೆ ಅನ್ನಿಸುತ್ತದೆ. ನಮಗೆ ಕಾಗದವೇ ವಾಸಿ. ತಪ್ಪಿದ್ದರೆ ನಗಬೇಡ. ಮನೆಮಾತಿನಲ್ಲಿ ನಾನು ಬರೆಯುವುದು ನಿನಗೊಬ್ಬಳಿಗೇ, ಉಳಿದದ್ದೆಲ್ಲ ಇಂಗ್ಲಿಷೇ.

ವಿಷಯ ಏನೆಂದರೆ, ನವೆಂಬರಿನಲ್ಲಿ ಕಾಲೇಜಿನ ಓಪನ್ ಡೇ. ಊರಿನವರೆಲ್ಲ ಬಂದು ಲ್ಯಾಬ್ ನೋಡಬಹುದು. ಕೆಮಿಸ್ಟ್ರಿ ಮೇಡಂ ಕ್ಲಾಸಿನ ಮೇಲೆಲ್ಲ ಕಣ್ಣಾಡಿಸಿ, “ಆ ಹಿಂದಿನ ಬೆಂಚು, ಬಾಯಿ ಬಿಡದೆ ಕೂರ್ತೀಯಲ್ಲ, ಡೆಮೊ ನೀನೇ ಮಾಡ್ಬೇಕು” ಅಂದರು. ಬೇಡ ಅನ್ನಲಿಕ್ಕೆ ನನಗೆ ಬಾಯಿ ಬರಲಿಲ್ಲ, ಅದನ್ನೇ ಒಪ್ಪಿಗೆ ಅಂದುಕೊಂಡರು.

ಡೆಮೊ ಹೇಗಿದೆ ಗೊತ್ತಾ? ನೋಡಲು ನೀರಿನಂತೆಯೇ ಇರುವ ಮೂರು ದ್ರಾವಣಗಳನ್ನು ಒಂದು ದೊಡ್ಡ ಬೀಕರಿಗೆ ಸುರಿಯಬೇಕು. ಬೀಕರಿನ ಕೆಳಗಿರುವ ಪೆಟ್ಟಿಗೆಯಲ್ಲಿ ಒಂದು ಆಯಸ್ಕಾಂತ ಸುತ್ತುತ್ತದೆ, ಅದರ ಜೊತೆ ನೀರಿನೊಳಗಿನ ಪುಟ್ಟ ಕಡ್ಡಿಯೂ ಸುತ್ತಿ ಕಲಕುತ್ತಿರುತ್ತದೆ. ಅಷ್ಟೇ. ಆಮೇಲೆ ಯಾರೂ ಮುಟ್ಟುವಂತಿಲ್ಲ. ನೀರು ಮೆಲ್ಲಗೆ ಜೇನಿನ ಬಣ್ಣಕ್ಕೆ ತಿರುಗುತ್ತದೆ. ಇದ್ದಕ್ಕಿದ್ದಂತೆ, ಸ್ವಿಚ್ ಹಾಕಿದ ಹಾಗೆ, ಕಡುನೀಲಿ. ನೀಲಿ ಕರಗಿ ಮತ್ತೆ ತಿಳಿನೀರು. ಮತ್ತೆ ಜೇನು, ಮತ್ತೆ ನೀಲಿ. ಎಲ್ಲ ತಾನಾಗಿಯೇ. ಕೊನೆಗೆ ದಣಿದು ಕಡುನೀಲಿಯಲ್ಲೇ ನಿಂತುಬಿಡುತ್ತದೆ, ಗಾಯಕ್ಕೆ ಹಚ್ಚುವ ಅಯೋಡಿನ್ ವಾಸನೆ ಬರುತ್ತದೆ.

ನಿನ್ನೆ ಪ್ರಾಕ್ಟೀಸ್ ಮಾಡುವಾಗ ಮೂವರು ನೋಡಿದರು. ನನ್ನ ರೂಮ್‌ಮೇಟ್ ಗೂಬೆ (ರಾತ್ರಿಯೆಲ್ಲ ಓದುತ್ತಾಳೆ, ಅದಕ್ಕೆ ಆ ಹೆಸರು) “ಇದು ಥೇಟ್ ನಮ್ಮ ವಾರ್ಡನ್ ಮುಖ ಕಣೇ” ಅಂದಳು. ವಾಚ್‌ಮನ್ ಬೆಂಚಿನ ಕೆಳಗೆ ಬಗ್ಗಿ ನೋಡಿ, “ಪೈಪ್ ಎಲ್ಲಿ ಬಚ್ಚಿಟ್ಟಿದೀಯಮ್ಮ?” ಅಂತ ಕೇಳಿದ. ಮ್ಯಾಥ್ಸ್ ಸರ್ “ಇದಕ್ಕೊಂದು ಸಮೀಕರಣ ಇದೆ” ಎಂದು ಬೋರ್ಡಿನ ಕಡೆ ತಿರುಗಿದವರು ಬಣ್ಣ ನೋಡಲೇ ಇಲ್ಲ.

ನಿನಗೆ ಬರಲಿಕ್ಕೆ ಆಗುತ್ತಾ? ಸೀಸನ್ ಅಂತ ಗೊತ್ತು. ಆಗದಿದ್ದರೆ ಪರವಾಗಿಲ್ಲ. ಸುಮ್ಮನೆ ಕೇಳಿದೆ.

ನಿನ್ನ ಮಗಳು

*

ಸೆಪ್ಟೆಂಬರ್ 11

ಮರಿ,

ನಿನ್ನ ಕಾಗದವನ್ನು ತೊಳೆಯುವ ಕೋಣೆಯಲ್ಲೇ ಓದಿದೆ. ಕೈ ಒದ್ದೆಯಿದ್ದು ಒಂದು ಮೂಲೆ ಅಳಿಸಿಹೋಯಿತು. ವಾರ್ಡನ್ ಮುಖದ ವಿಷಯ ಮಾತ್ರ ಉಳಿದಿತ್ತು, ಪುಣ್ಯ.

ನೀರು ತಾನಾಗಿ ಬಣ್ಣ ಬದಲಿಸುತ್ತದಂತೆ ಎಂದು ಇಲ್ಲಿ ಎಲ್ಲರಿಗೂ ಹೇಳಿದೆ. ದೊಡ್ಡ ಅಡುಗೆಯವರು, “ಅದೇನು ಮಹಾ, ನನ್ನ ಸೂಪೂ ಹಾಗೇ, ಯಾರೂ ಮುಟ್ಟದಿದ್ರೂ ಬಣ್ಣ ಬದಲಾಗುತ್ತೆ” ಅಂದರು. ನನ್ನ ಜೊತೆ ಲೋಟ ಒರೆಸುವ ಗುಂಡಕ್ಕ ಮಾತ್ರ ನಂಬಲಿಲ್ಲ. “ನಿನ್ನ ಮಗಳು ನಿನ್ನ ಕಿವಿಗೆ ಹೂ ಇಡ್ತಿದಾಳೆ” ಅಂತಾಳೆ. ಅವಳಿಗೆ ಬುದ್ಧಿ ಕಲಿಸಲಿಕ್ಕಾದರೂ ನಾನು ನೋಡಬೇಕು.

ನಮ್ಮಲ್ಲಿ ಕಥೆ ಅದೇ. ಒಂದೊಂದು ಲೋಟವನ್ನೂ ದೀಪಕ್ಕೆ ಹಿಡಿದು ನೋಡಬೇಕು, ಬೆರಳ ಗುರುತು ಕಂಡರೆ ವಾಪಸ್. ಬಣ್ಣವೇ ಇರದ ಹಾಗೆ ಮಾಡುವುದು ನನ್ನ ಕೆಲಸ, ಬಣ್ಣ ಬರುವ ಹಾಗೆ ಮಾಡುವುದು ನಿನ್ನದು. ಎಲ್ಲಿಂದ ಎಲ್ಲಿಗೆ ಹೋದೆ ನೀನು ಎಂದು ನಗು ಬಂತು.

ನವೆಂಬರಿನಲ್ಲಿ ಪಾರ್ಟಿಗಳು ಜಾಸ್ತಿ. ಮ್ಯಾನೇಜರಿಗೆ ಕೇಳುತ್ತೇನೆ. ನೋಡೋಣ.

ಸರಿಯಾಗಿ ತಿನ್ನು. ಹೆದರಿಕೆಯಾದಾಗ ಉಗುರು ಕಚ್ಚಬೇಡ, ಆ ಲ್ಯಾಬಿನ ಕೈಯಲ್ಲಿ.

ಅಮ್ಮ

*

ಅಕ್ಟೋಬರ್ 2

ಅಮ್ಮಾ,

ನಿನ್ನ “ನೋಡೋಣ” ತಲುಪಿತು. ಆ ಶಬ್ದ ನನಗೆ ಚೆನ್ನಾಗಿ ಪರಿಚಯ. ಶಾಲೆಯ ಹಾಸ್ಟೆಲಿನಲ್ಲಿದ್ದಾಗ ಪ್ರತಿ ವಾರ್ಷಿಕೋತ್ಸವಕ್ಕೂ ಬರುತ್ತಿತ್ತು.

ಬೇಜಾರಿನಿಂದ ಹೇಳುತ್ತಿಲ್ಲ. ಐದನೇ ಕ್ಲಾಸಿನ ನಾಟಕದಲ್ಲಿ ನಾನು ಮರ ಆಗಿದ್ದೆ, ನಿನಗೆ ಹೇಳಿದ್ದೆನೋ ಇಲ್ಲವೋ. ಮರಕ್ಕೆ ಡೈಲಾಗ್ ಇರಲಿಲ್ಲ, ಎರಡೂ ಕೈ ಮೇಲೆತ್ತಿ ನಿಲ್ಲುವುದಷ್ಟೇ. ನೀನು ಬರದೆ ಏನೂ ಕಳೆದುಕೊಳ್ಳಲಿಲ್ಲ. ಆದರೆ ನಾಟಕ ಮುಗಿದ ಮೇಲೆ ಮಿಸ್ ಬೈದರು. “ಎಲ್ಲಾ ಮರ ಜನರ ಕಡೆ ಮುಖ ಮಾಡಿದ್ರೆ, ನೀನೊಬ್ಳು ಪೂರ್ತಿ ಬಾಗಿಲ ಕಡೆ ತಿರುಗಿದ್ದೆಯಲ್ಲೇ.”

ಈ ಸಲ ಡೈಲಾಗ್ ಇದೆ. ಅದೇ ಕಷ್ಟ. ಕನ್ನಡಿ ಮುಂದೆ ನಿಂತು ಹೇಳುತ್ತೇನೆ, ಗೂಬೆ ಮಂಚದ ಮೇಲೆ ಕೂತು ಜನರಂತೆ ಕೆಮ್ಮುತ್ತಾಳೆ, ಆಕಳಿಸುತ್ತಾಳೆ, “ಮಗು ಅಳ್ತಿದೆ, ಸ್ವಲ್ಪ ಜೋರಾಗಿ ಹೇಳಮ್ಮ” ಅಂತಾಳೆ. ನಾಲ್ಕನೇ ವಾಕ್ಯಕ್ಕೆ ಬಂದಾಗಲೆಲ್ಲ ಗಂಟಲು ಒಣಗುತ್ತದೆ.

ಇನ್ನೊಂದು ವಿಷಯ. ಡೆಮೊ ಬೀಕರಿನ ಅಂಚಿನಲ್ಲಿ ಕಂದು ಕಲೆಗಳಿವೆ, ಎಷ್ಟೋ ವರ್ಷದ್ದು. ನೀನು ಕಂಡರೆ ಒಂದು ಕ್ಷಣವೂ ಸಹಿಸುವುದಿಲ್ಲ. ಮೇಡಂ ಅದನ್ನು ಯಾರಿಗೂ ಉಜ್ಜಲು ಬಿಡುವುದಿಲ್ಲ, ಬರೀ ಲ್ಯಾಬಿನ ಶುದ್ಧ ನೀರಲ್ಲಿ ಜಾಲಿಸಿ ಇಡುತ್ತಾರೆ.

ಮ್ಯಾನೇಜರಿಗೆ ಕೇಳಿದೆಯಾ?

ನಿನ್ನ ಮಗಳು

*

ಅಕ್ಟೋಬರ್ 23

ಮರಿ,

ಕೇಳಿದೆ. ರಜೆ ಸಿಕ್ಕಿತು. ಗುಂಡಕ್ಕ ನನ್ನ ಪಾಳಿ ಮಾಡುತ್ತಾಳೆ. “ನೀಲಿ ಆಗದಿದ್ರೆ ನನ್ನ ಪಾಳಿ ವಾಪಸ್ ಕೊಡ್ಬೇಕು” ಎಂದು ಷರತ್ತು ಹಾಕಿದ್ದಾಳೆ.

ಮರದ ವಿಷಯ ನೀನು ಯಾವತ್ತೂ ಹೇಳಿರಲಿಲ್ಲ.

ಬೆಳಿಗ್ಗೆ ಬಸ್ಸು ಹತ್ತಿದರೆ ಮಧ್ಯಾಹ್ನದ ಆಟಕ್ಕೆ ಬಂದು ಸೇರುತ್ತೇನೆ. ಬಸ್ಸಿನಲ್ಲಿ ನನ್ನ ಹೊಟ್ಟೆಯ ಕಥೆ ಗೊತ್ತಲ್ಲ, ತಿರುವು ಬಂದರೆ ಸಾಕು ತೊಳಸುತ್ತದೆ. ಅಡುಗೆಮನೆಯಿಂದ ನಿಂಬೆಹಣ್ಣು ಇಸಿದುಕೊಂಡು ಮೂಸುತ್ತಾ ಬರುತ್ತೇನೆ.

ಕಂದು ಸೀರೆ ಉಡಲೋ, ಹೂವಿನದ್ದೋ? ನಾನು ಹಿಂದೆ ಎಲ್ಲಾದರೂ ನಿಂತಿರುತ್ತೇನೆ. ನಿನ್ನ ಮೇಷ್ಟ್ರುಗಳಿಗೆಲ್ಲ ನಾನು ಯಾರು, ಏನು ಕೆಲಸ ಅಂತ ಹೇಳಲೇಬೇಕು ಅಂತೇನಿಲ್ಲ.

ಅಮ್ಮ

*

ನವೆಂಬರ್ 19

ಮರಿ,

ಸುಖವಾಗಿ ಬಂದು ತಲುಪಿದೆ. ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು. ಇಲ್ಲಿ ಚಳಿ ಶುರುವಾಗಿದೆ. ನಿನ್ನ ಲ್ಯಾಬಿನಲ್ಲಿ ನನ್ನ ಕರ್ಚೀಫು ಬಿಟ್ಟು ಬಂದೆ ಅನ್ನಿಸುತ್ತದೆ, ಸಿಕ್ಕರೆ ಇಟ್ಟುಕೋ. ಸ್ವೆಟರ್ ಹಾಕಿಕೋ.

ಅಮ್ಮ

*

ನವೆಂಬರ್ 26

ಅಮ್ಮಾ,

ನಿನ್ನ ಕಾಗದದಲ್ಲಿ ಬಸ್ಸು, ಸೀಟು, ಚಳಿ, ಕರ್ಚೀಫು ಎಲ್ಲ ಇತ್ತು. ನಡೆದದ್ದು ಮಾತ್ರ ಇರಲಿಲ್ಲ. ಹಾಗಾಗಿ ನಾನೇ ಬರೆಯುತ್ತೇನೆ.

ಬೆಳಿಗ್ಗೆ ಎಲ್ಲ ಚೆನ್ನಾಗಿತ್ತು. ಅದೇ ನಿನಗೆ ಗೊತ್ತಿಲ್ಲ. ನಾಲ್ಕನೇ ವಾಕ್ಯವನ್ನೂ ದಾಟಿದೆ. ಮೊದಲ ಸಲ ನೀಲಿಯಾದಾಗ ಇಡೀ ಕೋಣೆ ಒಟ್ಟಿಗೆ “ಹ್ಞಾ” ಅಂದಿತು. ಒಬ್ಬ ಅಜ್ಜ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಅವರ ಹೆಂಡತಿ, “ನಿಮ್ಮ ಕನ್ನಡಕ ಸರಿ ಇದೆ, ನಂಗೂ ನೀಲೀನೇ” ಅಂದರು. ಎರಡು ಜಡೆಯ ಒಂದು ಪುಟ್ಟ ಹುಡುಗಿ ಬೀಕರಿಗೆ ಮೂಗು ತಾಗಿಸುವಷ್ಟು ಹತ್ತಿರ ನಿಂತು, ನೀಲಿ ಬರುವ ಮುಂಚೆಯೇ “ಈಗ” ಅನ್ನುತ್ತಿದ್ದಳು. ಮೊದಮೊದಲು ತಪ್ಪುತ್ತಿತ್ತು, ಆಮೇಲಾಮೇಲೆ ಸರಿಯಾಗಿ ಬರುತ್ತಿತ್ತು, ಕೊನೆಗೆ ಎಲ್ಲರೂ ಅವಳ ಜೊತೆ “ಈಗ, ಈಗ” ಅನ್ನತೊಡಗಿದರು. ನಾನು ಏನೂ ಹೇಳುವ ಅಗತ್ಯವೇ ಇರಲಿಲ್ಲ. ಅಮ್ಮ ಇದನ್ನು ನೋಡಬೇಕು, ಮಧ್ಯಾಹ್ನ ನೋಡುತ್ತಾಳೆ, ಎಂದುಕೊಂಡೆ.

ಊಟದ ಹೊತ್ತಿಗೆ ನೀನು ಬಂದೆ. ಹೂವಿನ ಸೀರೆ. ನಾನು ಹಾಸ್ಟೆಲಿಗೆ ಓಡಿ ಮುಖ ತೊಳೆದು ಬರುವಷ್ಟರಲ್ಲಿ ನೀನು ಸಿಂಕಿನ ಹತ್ತಿರ ನಿಂತಿದ್ದೆ. ಬೀಕರ್ ಬೋರಲು ಹಾಕಿತ್ತು, ಹೊಳೆಯುತ್ತಿತ್ತು, ನಾನು ಗಮನಿಸಲೇ ಇಲ್ಲ. ಜನ ಆಗಲೇ ನುಗ್ಗುತ್ತಿದ್ದರು. ದ್ರಾವಣ ಉಳಿದಿದ್ದದ್ದು ಇನ್ನೊಂದೇ ಸಲಕ್ಕೆ. ಸುರಿದೆ. ಡೈಲಾಗ್ ಪೂರ್ತಿ ಹೇಳಿದೆ. ನೀರು ನೀರಾಗಿಯೇ ಇತ್ತು.

ಕಾದೆವು. ಒಬ್ಬರು “ಕರೆಂಟ್ ಇಲ್ವೇನೋ” ಅಂದರು. ಒಂದು ಮಗು “ಅಕ್ಕಾ, ಇದು ಬರೀ ನೀರಾ?” ಅಂತ ಕೇಳಿತು. ಜನ ನಕ್ಕರು. ಆಗ ನೀನು ಹಿಂದಿನಿಂದ, ನನಗೆ ಸಹಾಯವಾಗಲಿ ಎಂದೇ ಇರಬೇಕು, “ಬೀಕರ್ ಕ್ಲೀನಾಗೇ ಇತ್ತು ಮರಿ, ನಾನೇ ನಿಂಬೆಹಣ್ಣು ಹಾಕಿ ಉಜ್ಜಿದೀನಿ” ಅಂದೆ. ನಾನು ಇಂಗ್ಲಿಷಿನಲ್ಲಿ ಏನಂದೆ ಎಂಬುದು ನಮ್ಮಿಬ್ಬರಿಗೂ ಗೊತ್ತು. ಇದು ನಿನ್ನ ಹೋಟೆಲ್ ಅಲ್ಲ ಎಂದೆ. ಇಲ್ಲಿ ತೊಳೆಯಲಿಕ್ಕೆ ನಿನ್ನನ್ನು ಯಾರೂ ಕರೆದಿಲ್ಲ ಎಂದೆ. ಎಲ್ಲರ ಎದುರಿಗೆ. ನಿನಗೆ ಅರ್ಥವಾಗದಿರಲಿ ಎಂದು ಇಂಗ್ಲಿಷಿನಲ್ಲಿ ಅಂದೆನೋ, ಸಿಟ್ಟು ನನಗೆ ಆ ಭಾಷೆಯಲ್ಲೇ ಬರುತ್ತದೋ, ಗೊತ್ತಿಲ್ಲ.

ಆಮೇಲೆ ಕಲಕುವ ಪೆಟ್ಟಿಗೆಯನ್ನೂ ಆಫ್ ಮಾಡದೆ ಹಾಸ್ಟೆಲಿಗೆ ಓಡಿದೆ. ಎಷ್ಟೋ ಹೊತ್ತಿನ ಮೇಲೆ ಬಸ್ ಸ್ಟ್ಯಾಂಡಿಗೆ ಬಂದೆ ಅಮ್ಮಾ. ನಿನ್ನ ಬಸ್ಸು ಹೋಗಿತ್ತು.

ನೀನು ನಿಂಬೆಹಣ್ಣು ತಂದದ್ದೇ ನನ್ನನ್ನು ನೋಡಲು ಬರಲಿಕ್ಕೆ. ಇದನ್ನು ಯೋಚಿಸಿ ಯೋಚಿಸಿ ಗೂಬೆಗೂ ನಿದ್ದೆ ಕೆಡಿಸಿದ್ದೇನೆ. ಅವಳು ಹೇಗೂ ಮಲಗುವುದಿಲ್ಲ ಬಿಡು.

ಕ್ಷಮಿಸು ಎಂದು ಬರೆಯಬೇಕು, ಆ ಶಬ್ದ ನನ್ನ ಕೈಯಲ್ಲಿ ಪಠ್ಯಪುಸ್ತಕದ ಹಾಗೆ ಕಾಣುತ್ತದೆ. ಆದರೂ ಬರೆದಿದ್ದೇನೆ.

ನಿನ್ನ ಮಗಳು

*

ಡಿಸೆಂಬರ್ 10

ಮರಿ,

ನಿನ್ನ ಇಂಗ್ಲಿಷ್ ಚೆನ್ನಾಗಿದೆ. ಅದಕ್ಕೇ ತಾನೇ ಆ ಶಾಲೆಗೆ ಹಾಕಿದ್ದು. ಇಷ್ಟು ವರ್ಷ ಹೋಟೆಲಿನಲ್ಲಿದ್ದವಳು ಮೊದಲು ಕಲಿತದ್ದೇ ಇಂಗ್ಲಿಷ್ ಬೈಗುಳ. ಗಿರಾಕಿ ಬೈದರೆ “ಸಾರಿ ಸರ್” ಅನ್ನುತ್ತೇನೆ, ಅಲ್ಲಿಗೆ ಮುಗಿಯಿತು. ನಿನಗೆ ಹಾಗೆ ಅನ್ನಲಿಕ್ಕಾಗುತ್ತಾ? ಅದನ್ನು ಅಲ್ಲಿಗೇ ಬಿಡು.

ಬೀಕರ್ ಉಜ್ಜಬೇಕೆಂದು ಉಜ್ಜಲಿಲ್ಲ. ನೀನು ಬರುವವರೆಗೆ ಒಬ್ಬಳೇ ಕೂತಿದ್ದೆ. ಎಲ್ಲ ಮೇಜಿನ ಮೇಲೂ ನನಗೆ ಗೊತ್ತಿಲ್ಲದ ಸಾಮಾನು. ಆ ಕೋಣೆಯಲ್ಲಿ ನನಗೆ ಅರ್ಥವಾದದ್ದು ಆ ಕಲೆಯೊಂದೇ. ನೀನು ಕಾಗದದಲ್ಲಿ ಬರೆದದ್ದು ನೆನಪಿತ್ತು, ಆದರೂ ಕೈ ತಡೆಯಲಿಲ್ಲ. ಕಲೆಗೆ ನಿಂಬೆರಸ ಹಿಂಡಿ ನೆನೆಯಲು ಬಿಟ್ಟೆ, ಎಷ್ಟು ಚೆನ್ನಾಗಿ ಬಿಟ್ಟಿತು ಗೊತ್ತಾ. ತೊಳೆಯಬೇಕು ಅನ್ನುವಷ್ಟರಲ್ಲಿ ಜನ ಬರುವ ಸದ್ದಾಯಿತು, ರಸ ಚೆಲ್ಲಿ ಬೋರಲು ಹಾಕಿದೆ.

ಈಗ ಒಂದು ಹೇಳುತ್ತೇನೆ. ಅವತ್ತೇ ಬರೆಯಬೇಕೆಂದಿದ್ದೆ. ನನ್ನ ತಪ್ಪಿಗೆ ತೇಪೆ ಹಾಕಿದ ಹಾಗೆ ಕಾಣುತ್ತದೆಂದು ಸುಮ್ಮನಾದೆ.

ನೀನು ಓಡಿದೆ, ಜನರೂ ಹೋದರು. ನೀನು ವಾಪಸ್ ಬರುತ್ತೀಯೆಂದು ನಾನು ಅಲ್ಲೇ ಸ್ಟೂಲಿನ ಮೇಲೆ ಕೂತಿದ್ದೆ. ಆ ಕಡ್ಡಿ ನೀರಲ್ಲಿ ಸುತ್ತುತ್ತಲೇ ಇತ್ತು. ಮತ್ತೇನಾದರೂ ಕೆಡಿಸಿಬಿಟ್ಟೇನೆಂದು ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡಿದ್ದೆ. ನೋಡುತ್ತಾ ಇದ್ದ ಹಾಗೆ ನೀರು ತುಸು ಹಳದಿಯಾಯಿತು. ನನ್ನ ಕಣ್ಣೇ ಇರಬೇಕು ಅಂದುಕೊಂಡೆ. ಆಮೇಲೆ ಜೇನು. ಆಮೇಲೆ, ನೀನು ಬರೆದಿದ್ದೆಯಲ್ಲ ಸ್ವಿಚ್ ಹಾಕಿದ ಹಾಗೆ ಎಂದು, ಹಾಗೇ ನೀಲಿ. ನೀಲಿ ಹೋಯಿತು. ಮತ್ತೆ ಬಂತು.

ಎಷ್ಟು ಚೆನ್ನಾಗಿತ್ತು ಮರಿ. ಯಾರಿಗಾದರೂ ತೋರಿಸಬೇಕಲ್ಲ ಎಂದು ಬಾಗಿಲ ಕಡೆಗೇ ನೋಡುತ್ತಿದ್ದೆ. ನೀನಿರಬೇಕಿತ್ತು. ಬಸ್ಸಿನ ಹೊತ್ತಾಯಿತು, ಎದ್ದೆ. ಹೊರಡುವಾಗ ಅದು ನೀಲಿಯಲ್ಲೇ ನಿಂತಿತ್ತು. ತೊಳೆಯಲಿಲ್ಲ. ಹಾಗೇ ಬಿಟ್ಟು ಬಂದೆ.

ಅಮ್ಮ

*

ಡಿಸೆಂಬರ್ 17

ಅಮ್ಮಾ,

ನನ್ನ ಸಮಾಧಾನಕ್ಕೆ ನೀನು ಕಥೆ ಕಟ್ಟಬೇಕಾಗಿಲ್ಲ. ನಾನು ಚಿಕ್ಕವಳಿದ್ದಾಗಲೂ ನೀನು ಹೀಗೇ ಮಾಡುತ್ತಿದ್ದೆ. ನಾನು ಹಾಸ್ಟೆಲಿಗೆ ಹೊರಟ ಮೇಲೆ ನನ್ನ ಗೊಂಬೆ ನಿನ್ನ ಹತ್ತಿರ ಬಂದು ಅತ್ತಿತು ಎಂದು ಬರೆದಿದ್ದೆ. ಆಗ ನಾನು ನಂಬಿದ್ದೆ.

ನಿಂತ ರಿಯಾಕ್ಷನ್ ತಾನಾಗಿ ಶುರುವಾಗುವುದಿಲ್ಲ. ನಾನು ಕೆಮಿಸ್ಟ್ರಿ ಓದುತ್ತಿದ್ದೇನೆ. ನನಗೆ ನಿಜ ಹೇಳಿದರೂ ಸಾಕು, ನಾನು ತಡೆದುಕೊಳ್ಳುತ್ತೇನೆ.

ಪರೀಕ್ಷೆ ಹತ್ತಿರ ಬಂತು.

ನಿನ್ನ ಮಗಳು

*

ಜನವರಿ 24

ಅಮ್ಮಾ,

ನಿನ್ನ ಕಾಗದ ಬರಲಿಲ್ಲ. ಬರುವ ಹಾಗೆ ನಾನು ಬರೆದಿರಲೂ ಇಲ್ಲ. ಫೋನಿನಲ್ಲಿ “ಊಟ ಆಯ್ತಾ” ಎಂದು ನೀನು ಕೇಳುತ್ತಲೇ ಇದ್ದೆ, ಅದೂ ಇಲ್ಲದಿದ್ದರೆ ಏನು ಮಾಡುತ್ತಿದ್ದೆನೋ. ಈ ವಿಷಯ ಫೋನಿನಲ್ಲಿ ಹೇಳಲು ಎರಡು ಸಲ ನೋಡಿದೆ. “ಆಯ್ತು” ಎಂದು ಇಟ್ಟುಬಿಟ್ಟೆ.

ಸೋಮವಾರ ಲ್ಯಾಬಿನಲ್ಲಿ ಬೀಕರ್ ಕೇಳಲು ಹೋದಾಗ ಅಟೆಂಡರ್ ಅಣ್ಣ ಮುಖ ಗಂಟಿಕ್ಕಿಕೊಂಡ. “ನಿಂಗೆ ಕೊಡಲ್ಲ ಹೋಗು. ಓಪನ್ ಡೇ ದಿನ ಕಪ್ಪು ನೀರು ಹಾಗೇ ಬಿಟ್ಟು ಓಡಿಹೋದೋಳು ನೀನೇ ತಾನೇ? ಅಂಚಿಗೆ ಹೊಸ ಕಲೆ ಬಿದ್ದಿದೆ, ಇನ್ನೂ ಹೋಗಿಲ್ಲ.”

ನಾನು ಬಿಟ್ಟು ಓಡಿದ್ದು ತಿಳಿನೀರನ್ನು.

“ಕಪ್ಪಾ? ಸರಿಯಾಗಿ ನೋಡಿದ್ಯಾ ಅಣ್ಣ?” ಅಂದೆ. “ಜಾಲಿಸಿಟ್ಟೋನು ನಾನು, ನೋಡದೆ ಜಾಲಿಸ್ತಾರಾ?” ಅಂದ. ಅಲ್ಲಿಯೇ ಸ್ಟೂಲಿನ ಮೇಲೆ ಕೂತುಬಿಟ್ಟೆ. ನೀನು ಕೂತದ್ದೂ ಅದೇ ಇರಬೇಕು. ನಿನ್ನ ಕರ್ಚೀಫನ್ನು ಅವನು ಡ್ರಾಯರಿನಲ್ಲಿ ಇಟ್ಟಿದ್ದ, ಈಗ ನನ್ನ ಹತ್ತಿರ ಇದೆ.

ಮೇಡಂ ಹತ್ತಿರ ಹೋಗಿ ಎಲ್ಲ ಹೇಳಿದೆ, ನಾನು ಅಂದ ಮಾತನ್ನೂ ಸೇರಿಸಿ. ಅವರು ನಿಂಬೆ ಎಂಬ ಶಬ್ದ ಕೇಳಿದ್ದೇ ತಡ, ಕುರ್ಚಿಯಿಂದ ಎದ್ದರು. “ಅಯ್ಯೋ ಹುಚ್ಚಿ, ಅದು ನಿಂತಿರ್ಲಿಲ್ಲ, ತಡ ಮಾಡ್ತಿತ್ತು” ಅಂದರು. ಬಣ್ಣ ತರುವ ಅಯೋಡಿನ್ ಹುಟ್ಟುತ್ತಿದ್ದಂತೆಯೇ ಬೀಕರಿಗೆ ಅಂಟಿ ಉಳಿದ ನಿಂಬೆರಸ ಅದನ್ನು ಹಿಡಿದು ಹಾಕುತ್ತದಂತೆ. ರಸ ಪೂರ್ತಿ ಖರ್ಚಾಗುವವರೆಗೆ ಹೊರಗೆ ಏನೂ ಕಾಣುವುದಿಲ್ಲ, ಒಳಗೆ ಕೆಲಸ ನಡೆಯುತ್ತಲೇ ಇರುತ್ತದೆ. ಖರ್ಚಾದ ಮೇಲೆ ತನ್ನ ಪಾಡಿಗೆ ಶುರು. ಎಷ್ಟು ರಸವೋ ಅಷ್ಟು ತಡ. ಪುಸ್ತಕದಲ್ಲಿ ನಾನಿನ್ನೂ ಅಲ್ಲಿಗೆ ಬಂದಿರಲಿಲ್ಲ, ಆದರೂ ನಿನಗೆ ಕೆಮಿಸ್ಟ್ರಿ ಹೇಳಲು ಹೊರಟಿದ್ದೆ.

ನಿನ್ನೆ ಮಧ್ಯಾಹ್ನ ಮಾಡಿ ನೋಡಿದೆ. ಬೀಕರಿಗೆ ನಿಂಬೆರಸ ಹಿಂಡಿ, ನೆನೆಸಿ, ಚೆಲ್ಲಿ, ಬೋರಲು ಹಾಕಿ, ನೀನು ಮಾಡಿದ ಹಾಗೆಯೇ. ಸುರಿದೆ. ತಿಳಿನೀರು. ಗೂಬೆ ಆಕಳಿಸಿದಳು, “ಇದು ಬರೀ ನೀರು ಕಣೇ” ಎಂದು ಎದ್ದು ಹೋದಳು. ನಾನೊಬ್ಬಳೇ ಕೂತೆ. ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡೆ. ತುಸು ಹಳದಿ. ನನ್ನ ಕಣ್ಣೇ ಇರಬೇಕು ಅಂದುಕೊಂಡೆ. ಆಮೇಲೆ ಜೇನು. ಆಮೇಲೆ ನೀಲಿ.

ಬಾಗಿಲ ಕಡೆ ನೋಡಿದೆ ಅಮ್ಮಾ. ಆವತ್ತು ನೀನು ಹೇಗೆ ನೋಡಿರಬೇಕು ಎಂದು ನನಗೆ ಗೊತ್ತು, ನಾನು ಮರ ಆಗಿದ್ದವಳು.

ನೀನು ಸುಳ್ಳು ಹೇಳುತ್ತಿದ್ದೀಯ ಎಂದು ಬರೆದೆನಲ್ಲ, ಆ ಕಾಗದವನ್ನು ನಿನ್ನ ತೊಳೆಯುವ ಕೋಣೆಯಲ್ಲಿ ಒದ್ದೆ ಕೈಯಿಂದ ಹಿಡಿದು ಪೂರ್ತಿ ಅಳಿಸಿಬಿಡು. ಗೊಂಬೆಯ ವಿಷಯ ಮಾತ್ರ ಬಿಡು. ಅದನ್ನು ಈಗಲೂ ಅರ್ಧ ನಂಬುತ್ತೇನೆ. ಗುಂಡಕ್ಕನಿಗೆ ಹೇಳು, ನೀಲಿ ಆಯಿತು, ಪಾಳಿ ವಾಪಸ್ ಕೊಡಬೇಕಾಗಿಲ್ಲ.

ಮಾರ್ಚಿನಲ್ಲಿ ಶಾಲಾಮಕ್ಕಳಿಗೆ ಮತ್ತೆ ಡೆಮೊ ಇದೆ. ಈ ಸಲ ಎರಡು ಬೀಕರ್. ಒಂದು ಎಂದಿನದು, ಇನ್ನೊಂದು ತಡವಾಗಿ ಶುರುವಾಗುವುದು. “ಎರಡನೇದು ಯಾರ ಐಡಿಯಾ ಅಂತ ಕೇಳಿದ್ರೆ ಏನು ಹೇಳ್ತೀಯಾ?” ಅಂದರು ಮೇಡಂ. “ನಮ್ಮಮ್ಮಂದು. ದೊಡ್ಡ ಹೋಟೆಲಿನಲ್ಲಿ ಲೋಟ ಪಾಲಿಶ್ ಮಾಡ್ತಾರೆ” ಅಂದೆ. ಅದನ್ನು ಡೈಲಾಗಿಗೂ ಸೇರಿಸಿದ್ದೇನೆ. ನಾಲ್ಕನೇ ವಾಕ್ಯವೇ ಅದು, ಗಂಟಲು ಒಣಗುವುದಿಲ್ಲ.

ಹಿಂದೆ ಎಲ್ಲೋ ನಿಲ್ಲಬೇಡ. ಮುಂದಿನ ಸಾಲಿನಲ್ಲಿ ಆ ಸ್ಟೂಲನ್ನೇ ಹಾಕಿಸಿರುತ್ತೇನೆ. ಎರಡನೇ ಬೀಕರಿನ ಮುಂದೆ ಮಕ್ಕಳು ಬೇಸರವಾಗಿ ಎದ್ದು ಹೋಗಲು ನೋಡುತ್ತಾರೆ, ಆಗ ಯಾರಾದರೂ ಕೂತಿರಬೇಕು.

“ನೋಡೋಣ” ಎಂದು ಬರೆಯಬೇಡ. ಎರಡು ನಿಂಬೆಹಣ್ಣು ತೆಗೆದುಕೊಂಡು ಬಾ. ಒಂದು ಬಸ್ಸಿಗೆ, ಒಂದು ಬೀಕರಿಗೆ.

ನಿನ್ನ ಮರಿ